ಹಿಮಕ್ಕೆ ಕೊಟ್ಟ ಮುಂಗಡ

2020ರ ಮಾರ್ಚ್ 14, ಶನಿವಾರ. ಮರುದಿನ ನಸುಕಿಗೆ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಹೊರಡಬೇಕೆಂದು ಬೂಟುಗಳನ್ನು ಹೀಟರ್ ಪಕ್ಕದಲ್ಲಿ ಒಣಗಲು ಇಟ್ಟಿದ್ದೆ. ರಾತ್ರಿಯಾಗುವಷ್ಟರಲ್ಲಿ ಮೊಬೈಲಿಗೆ ಸುದ್ದಿ ಬಂತು: ಕೊರೊನಾ ಕಾರಣಕ್ಕೆ ಅಮೆರಿಕದ ಈ ಕೊಲೊರಾಡೊ ರಾಜ್ಯದ ಸ್ಕೀ ತಾಣಗಳೆಲ್ಲ ಬಂದ್, ಗವರ್ನರ್ ಆದೇಶ. ಬೂಟುಗಳು ಹೀಟರ್ ಪಕ್ಕದಲ್ಲೇ ಎರಡು ವಾರ ಕುಳಿತವು. ಎತ್ತಿಡಲು ಮನಸ್ಸಾಗಲಿಲ್ಲ.

ಇಡೀ ಚಳಿಗಾಲಕ್ಕೆ ಮೊದಲೇ ಕೊಳ್ಳುವ ಸ್ಕೀ ಸೀಸನ್ ಪಾಸ್ ಎಂದರೇನೆಂದು ಸಾಗರದಲ್ಲಿರುವ ಅಪ್ಪನಿಗೆ ಒಮ್ಮೆ ಹೀಗೆ ವಿವರಿಸಿದ್ದೆ: ಅಡಿಕೆ ತೋಟದ ಚೇಣಿ ಇದ್ದ ಹಾಗೆ. ಕೊಯ್ಲಿಗೆ ಮೊದಲೇ ಹಣ ಕೊಟ್ಟು ಫಸಲು ಹಿಡಿಯುತ್ತೇವೆ, ಆಮೇಲೆ ಬಂದದ್ದು ನಮ್ಮ ಪಾಲು. ಇಲ್ಲಿನ ವೇಲ್ ಎಂಬ ಸ್ಕೀ ತಾಣದ ಗಲ್ಲಾದಲ್ಲಿ ಆಗ ಒಂದು ದಿನದ ಟಿಕೆಟ್ ಇನ್ನೂರು ಡಾಲರ್ ದಾಟಿತ್ತು; ಬೇಸಗೆಯಲ್ಲೇ ಏಳುನೂರು ಚಿಲ್ಲರೆ ಕೊಟ್ಟು ವೇಲ್ ರೆಸಾರ್ಟ್ಸ್ ಕಂಪನಿಯ ಎಪಿಕ್ ಲೋಕಲ್ ಪಾಸ್ ಕೊಂಡರೆ ನಾಲ್ಕೈದು ದಿನಕ್ಕೇ ಹಣ ಹುಟ್ಟುತ್ತಿತ್ತು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಕೊಳೆರೋಗ ಬಂದರೆ ನಷ್ಟ ಯಾರಿಗೆ?" ಆಗ ನಕ್ಕಿದ್ದೆ.

ಏಪ್ರಿಲ್ ಕೊನೆಯಲ್ಲಿ ವೇಲ್ ರೆಸಾರ್ಟ್ಸ್ ಉತ್ತರ ಹೇಳಿತು. ಹಣ ವಾಪಸ್ ಇಲ್ಲ; ಮುಂದಿನ ವರ್ಷದ ಪಾಸ್ ಕೊಂಡರೆ ಅದರಲ್ಲಿ ಕಡಿತ. ಎಲ್ಲರಿಗೂ ಕನಿಷ್ಠ ಶೇ 20, ಐದು ದಿನಕ್ಕಿಂತ ಕಡಿಮೆ ಬಳಸಿದವರಿಗೆ ಇನ್ನೂ ಹೆಚ್ಚು, ಒಂದು ದಿನವೂ ಬಳಸದವರಿಗೆ ಶೇ 80. ನಾನು ಒಂಬತ್ತು ದಿನ ಹೋಗಿದ್ದೆ. ನನ್ನ ಹೆಂಡತಿ ನವೆಂಬರ್‌ನಲ್ಲಿ ಮನೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಪಾದ ಉಳುಕಿಸಿಕೊಂಡು ಇಡೀ ಚಳಿಗಾಲ ಸೋಫಾ ಬಿಟ್ಟು ಎದ್ದಿರಲಿಲ್ಲ. ಲೆಕ್ಕ ಹಾಕಿದರೆ ನನಗೆ ಸುಮಾರು 140 ಡಾಲರ್, ಅವಳಿಗೆ 560. ಬೀಳುವುದಾದರೆ ಎಲ್ಲಿ ಬೀಳಬೇಕೆಂದು ಅವಳಿಗೆ ಗೊತ್ತಿತ್ತು.

ಮುಂದಿನ ಪಾಸ್‌ನ ಬೆಲೆ 729. ಅವಳದ್ದು 169ಕ್ಕೆ ಸಿಗುತ್ತದೆ, ಬಿಡುವ ಮಾತೇ ಇಲ್ಲ. ಪ್ರಶ್ನೆ ಇದ್ದದ್ದು ನನ್ನ 589ರದ್ದು. ಕಚೇರಿಯಲ್ಲಿ ಒಂದು ತಂಡವನ್ನು ಆಗಲೇ ಮನೆಗೆ ಕಳಿಸಿದ್ದರು, ನನ್ನದು ಕೆಲಸಕ್ಕೆ ಕಟ್ಟಿದ ವೀಸಾ. ಹಾಗಾಗಿ ಜೀವನದಲ್ಲಿ ಮೊದಲ ಬಾರಿಗೆ ಪಾಸ್‌ನ ಷರತ್ತುಗಳನ್ನು ಪೂರ್ತಿ ಓದಿದೆ, ಚೇಣಿದಾರನ ಕಣ್ಣಿನಿಂದ. ನೋಟ್‌ಬುಕ್‌ನ ಒಂದು ಪುಟದಲ್ಲಿ ನನಗಿದ್ದ ಭಯಗಳನ್ನು ಬರೆದು, ಎದುರಿಗೆ ಹಣ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಬರೆಯುತ್ತ ಹೋದೆ. ಆ ವರ್ಷ ಎಪಿಕ್ ಪಾಸ್ ಜೊತೆ ಉಚಿತ ವಿಮೆ ಸೇರಿಸಿದ್ದರು. ಬೆಟ್ಟ ಮುಚ್ಚಿದರೆ, ಕೆಲಸ ಹೋದರೆ, ಕಾಯಿಲೆ ಬಿದ್ದರೆ ಹಣ ವಾಪಸ್ ಬರುವ ದಾರಿ ಇತ್ತು. ಬೆಟ್ಟ ತೆರೆದಿದ್ದು, ನಾವು ಆರೋಗ್ಯವಾಗಿದ್ದು, ಜನಸಂದಣಿಗೆ ಹೆದರಿ ಮನೆಯಲ್ಲೇ ಉಳಿದರೆ ಮಾತ್ರ ಏನೂ ಇಲ್ಲ. ಎದುರಾಳಿ ಐಕಾನ್ ಪಾಸ್ ಅಲ್ಲಿ ಉದಾರವಾಗಿತ್ತು: ಒಂದು ದಿನವೂ ಬಳಸದಿದ್ದರೆ, ಗಡುವಿನೊಳಗೆ ಹೇಳಿ, ಕಾರಣ ಕೊಡದೆಯೇ ಮುಂದಿನ ವರ್ಷಕ್ಕೆ ದಾಟಿಸಬಹುದಿತ್ತು. ಹೆದರುವ ಸ್ವಭಾವದವರಿಗೆ ಅದೇ ಸರಿಯಾಗಿತ್ತು ಎಂದು ಈಗಲೂ ಅನ್ನುತ್ತೇನೆ. ನನಗಿದ್ದದ್ದು ಕೆಲಸದ ಭಯ. ಎಪಿಕ್ ಕೊಂಡೆ.

ಪಾಸ್ ಇದ್ದರೆ ಸಾಲದು, ದಿನವೂ ಸಿಗಬೇಕು ಎಂಬ ಸೂಚನೆ ಮೇ ತಿಂಗಳಲ್ಲೇ ಸಿಕ್ಕಿತ್ತು. ಮೇ 27ರಂದು ಅರಾಪಾಹೋ ಬೇಸಿನ್ ಎಂಬ ಸ್ಕೀ ತಾಣ ಮತ್ತೆ ತೆರೆದಾಗ ದಿನಕ್ಕೆ 600 ಜನರಿಗಷ್ಟೇ ಪ್ರವೇಶ, ಅದೂ ಮೊದಲೇ ಕಾಯ್ದಿರಿಸಿದವರಿಗೆ. ಆಗಸ್ಟ್‌ನಲ್ಲಿ ವೇಲ್ ಕೂಡ ಕಾಯ್ದಿರಿಸುವಿಕೆಯ ನಿಯಮ ತಂದಿತು. ಚಳಿಗಾಲದ ಮುಖ್ಯ ಅವಧಿಗೆ ಏಳು ದಿನಗಳನ್ನು ಮೊದಲೇ ಆರಿಸಿಕೊಳ್ಳಬಹುದಿತ್ತು, ಉಳಿದದ್ದಕ್ಕೆ ಪ್ರತಿ ಬುಧವಾರ ಮುಂದಿನ ವಾರದ ಬಾಗಿಲು ತೆರೆಯುತ್ತಿತ್ತು.

ಏಳನ್ನೂ ಮಾರ್ಚ್‌ಗೆ ಇಡೋಣ ಎಂದೆ. ಇಲ್ಲಿ ಒಳ್ಳೆಯ ಹಿಮ ಬೀಳುವುದು ಆಗ. ಹೆಂಡತಿ ಕ್ಯಾಲೆಂಡರ್ ಕಡೆ ಬೊಟ್ಟು ಮಾಡಿ, "ಹೋದ ವರ್ಷ ಮುಚ್ಚಿದ್ದು ಯಾವ ತಿಂಗಳು?" ಎಂದಳು. ಕೊನೆಗೆ ಜನವರಿಯಲ್ಲಿ ನಾಲ್ಕು, ಮಾರ್ಚ್‌ನಲ್ಲಿ ಮೂರು. ಎಲ್ಲವೂ ಮಂಗಳವಾರ, ಬುಧವಾರ. ಶನಿವಾರ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದವರೆಗೆ ತೆವಳುವ ಕಾರುಗಳ ಸಾಲು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನವೆಂಬರ್ ಕೊನೆಗೆ ಬೆಟ್ಟದ ಕೌಂಟಿಗಳೂ ಸೇರಿ ಹಲವು ಕಡೆ ಕೊರೊನಾ ನಿರ್ಬಂಧದ ಕೆಂಪು ಹಂತ ಘೋಷಣೆಯಾಗಿ ಹೋಟೆಲಿನೊಳಗೆ ಕುಳಿತು ತಿನ್ನುವುದು ನಿಂತಿತು. ನಮಗೆ ಅದರಿಂದ ಲಾಭವೇ ಆಯಿತು. ಕೀಸ್ಟೋನ್ ಸ್ಕೀ ತಾಣದ ವಾಹನ ನಿಲ್ದಾಣದಲ್ಲಿ, ಕಾರಿನ ಹಿಂಬಾಗಿಲು ಎತ್ತಿ, ಚಪಾತಿಗೆ ಚಟ್ನಿಪುಡಿ, ಥರ್ಮಾಸ್‌ನಿಂದ ಕುದಿಯುವ ತಿಳಿಸಾರು. ಪಕ್ಕದ ಕಾರಿನವರು ತಣ್ಣಗಿನ ಸ್ಯಾಂಡ್‌ವಿಚ್ ಹಿಡಿದು ನಮ್ಮ ಒಗ್ಗರಣೆಯ ಕಡೆಗೇ ನೋಡುತ್ತಿದ್ದರು.

ಮಾಸ್ಕ್ ಮಾತ್ರ ಕೊನೆಯವರೆಗೂ ಪಳಗಲಿಲ್ಲ. ಉಸಿರಿಗೆ ಒದ್ದೆಯಾಗಿ, ಲಿಫ್ಟ್‌ನಲ್ಲಿ ಮೇಲೇರುವಷ್ಟರಲ್ಲಿ ಹೆಪ್ಪುಗಟ್ಟಿ, ಗಲ್ಲಕ್ಕೆ ಹಲಗೆ ಕಟ್ಟಿದಂತಾಗುತ್ತಿತ್ತು. ಬಿಸಿ ಉಸಿರು ಮೇಲಕ್ಕೆ ನುಗ್ಗಿ ಗಾಗಲ್ ಮಂಜು ಹಿಡಿಯುತ್ತಿತ್ತು. ಮೂಗಿನ ಮೇಲೆ ತಂತಿ ಇರುವ ಮಾಸ್ಕ್ ನಾಲ್ಕು ತಂದು, ಎರಡು ಸಲ ಇಳಿದ ಮೇಲೆ ಒಂದರಂತೆ ಬದಲಾಯಿಸಿದೆ. ಅಪರಿಚಿತರಾದರೆ ನಾಲ್ಕು ಜನರ ಕುರ್ಚಿಯಲ್ಲಿ ಈ ತುದಿಗೆ ಒಬ್ಬ, ಆ ತುದಿಗೆ ಒಬ್ಬ. ಮೊದಲೆಲ್ಲ ಲಿಫ್ಟ್‌ನಲ್ಲಿ ಕುಳಿತವರ ಊರು, ಕೆಲಸ, ನಾಯಿಯ ಹೆಸರು ಎಲ್ಲ ತಿಳಿಯುತ್ತಿತ್ತು. ಆ ವರ್ಷ ಗಾಳಿಯ ಸದ್ದು ಮಾತ್ರ.

ಬೆಟ್ಟ ಮುಚ್ಚಲಿಲ್ಲ, ಕೆಲಸವೂ ಹೋಗಲಿಲ್ಲ. ಜನವರಿಯ ಒಂದು ಬುಧವಾರ ಕಚೇರಿಯ ಕರೆಯೊಂದಕ್ಕಾಗಿ ನಾನು ಉಳಿದುಕೊಂಡೆ, ಅವಳು ಒಬ್ಬಳೇ ಹೋದಳು. ಹಾಗೆ ಮತ್ತೆರಡು ಸಲ ಆಯಿತು. 2021ರ ಮಾರ್ಚ್‌ನಲ್ಲಿ ಮುಂದಿನ ವರ್ಷದ ಪಾಸ್‌ಗಳ ಬೆಲೆಯನ್ನು ಶೇ 20ರಷ್ಟು ಇಳಿಸಿದ ಸುದ್ದಿ ಬಂತು, ನಮ್ಮದು 583. ನಾನು ನೋಟ್‌ಬುಕ್ ತೆಗೆದು ಕೂಡಿಸಿ ಭಾಗಿಸಿದೆ: ನನ್ನದು ಎಂಟು ದಿನ, ದಿನಕ್ಕೆ ಸುಮಾರು 74 ಡಾಲರ್. ಅವಳದ್ದು ಹನ್ನೊಂದು ದಿನ, ದಿನಕ್ಕೆ ಹದಿನೈದು. ಆ ಪುಟವನ್ನು ಅವಳು ಹರಿದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ.