ತಾಳದವರ ಬೆನ್ನಿಗೊಂದು ಮೈಕು: 15,000 ರೂಪಾಯಿಯಲ್ಲಿ ಹಾಡು ಹಿಡಿಯಲು ಕಲಿತದ್ದು

ನನ್ನ ಮೊದಲ ರೆಕಾರ್ಡಿಂಗಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸಿದ್ದು ಫ್ಯಾನು.

ನಮ್ಮ ಸೋದರಮಾವ ತತ್ವಪದ ಹಾಡುತ್ತಾರೆ. ಕಲಬುರಗಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕಡಕೋಳ ಮಡಿವಾಳಪ್ಪನವರ ಪದ ಹಿಡಿದು ಕೂತರೆ ರಾತ್ರಿ ಹತ್ತಕ್ಕೆ ಶುರುವಾದ ಭಜನೆ ಕೋಳಿ ಕೂಗುವ ತನಕ ನಡೆಯುತ್ತದೆ. ಆ ರಾತ್ರಿ ಮೊಬೈಲನ್ನು ಹಾರ್ಮೋನಿಯಂ ಪಕ್ಕ ಜಮಖಾನೆ ಮೇಲೆ ಇಟ್ಟು ಕೆಂಪು ಗುಂಡಿ ಒತ್ತಿ ಆರಾಮಾಗಿ ಕೂತಿದ್ದೆ. ಮನೆಗೆ ಬಂದು ಕೇಳಿದರೆ ಫ್ಯಾನಿನ ಗರಗರ, ಅದರ ಮೇಲೆ ತಾಳದ ಝಣ್ ಝಣ್, ಕೆಳಗೆಲ್ಲೋ ಬಾವಿಯೊಳಗಿನಿಂದ ಮಾವ. ತಾಳ ಬಿದ್ದಾಗೆಲ್ಲ ಮಾವನ ದನಿ ಮುಳುಗುತ್ತಿತ್ತು, ತಾಳ ನಿಂತ ಕೂಡಲೇ ಫ್ಯಾನು ಎದ್ದು ಬರುತ್ತಿತ್ತು. ಮೊಬೈಲು ತಾನೇ ಲೆವೆಲ್ ಏರಿಸಿ ಇಳಿಸುವುದರಿಂದ ಹೀಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಮಾತಿಗೆ ಅದು ಒಳ್ಳೆಯದೇ. ಹಾಡಿಗೆ ಮಾತ್ರ ಬೇಡವೇ ಬೇಡ.

ಎರಡನೇ ತಪ್ಪು ಇನ್ನೂ ದುಬಾರಿ. ಆನ್‌ಲೈನ್‌ನಲ್ಲಿ ಸ್ಟುಡಿಯೋ ಕಿಟ್ ಅಂತ ಒಂದು ಪೆಟ್ಟಿಗೆ ಸಿಕ್ಕಿತು. ದಪ್ಪ ಕಂಡೆನ್ಸರ್ ಮೈಕು, ಮಡಚುವ ಕೈ, ಬಣ್ಣದ ದೀಪದ ಸೌಂಡ್ ಕಾರ್ಡು, ಎಲ್ಲ ಸೇರಿ 2,200. ನೋಡಲು ಭಾರೀ ಇತ್ತು. ಕೋಣೆಯಲ್ಲಿ ಬಾಯಿ ಹತ್ತಿರ ಇಟ್ಟು ಮಾತಾಡಿದರೆ ಪರವಾಗಿಲ್ಲ. ಗುಡಿಯಲ್ಲಿ ಹತ್ತು ಅಡಿ ದೂರ ಇಟ್ಟರೆ ಹಾಡಿಗಿಂತ ಅದರದೇ ಸುಂಯ್ ಅನ್ನುವ ಸದ್ದು ಜಾಸ್ತಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿದರೆ ಮೇಲೆ ಒಂದು ಗುಂಯ್. ಜೊತೆಗೆ ಅದು ಒಂದೇ ಮೈಕು, ಅಂದರೆ ಎಡ ಬಲ ಅನ್ನುವುದೇ ಇಲ್ಲ, ತಬಲಾ ಹಾರ್ಮೋನಿಯಂ ಗಾಯಕರು ಎಲ್ಲ ಒಬ್ಬರ ತಲೆ ಮೇಲೆ ಒಬ್ಬರು ಕೂತ ಹಾಗೆ. ಈಗ ಅದನ್ನು ನಮ್ಮ ತಂಗಿ ಮಗ ಆನ್‌ಲೈನ್ ಕ್ಲಾಸಿಗೆ ಬಳಸುತ್ತಾನೆ.

ಇಷ್ಟಾದ ಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಕೈಯಲ್ಲಿದ್ದದ್ದು 15,000. ಮೊದಲು ಮೈಕು ಕೊಳ್ಳಬೇಕು ಅನ್ನುವ ಯೋಚನೆಯನ್ನೇ ಬಿಟ್ಟೆ. ಮೊದಲು ಬೇಕಾದದ್ದು ತನ್ನದೇ ಎರಡು ಮೈಕಿರುವ, ಸೆಲ್ ಮೇಲೆ ನಡೆಯುವ, ಕೈಯಿಂದ ಲೆವೆಲ್ ಇಡಬಹುದಾದ ರೆಕಾರ್ಡರು. ಮೂರರಲ್ಲಿ ಒಂದು ಆರಿಸಬೇಕಿತ್ತು. ಜೂಮ್ ಎಚ್1ಎನ್ ಚಿಕ್ಕದು, ಸುಲಭ, ಎರಡು ಸಣ್ಣ ಎಎಎ ಸೆಲ್ ಸಾಕು. ಟ್ಯಾಸ್ಕಾಮ್ ಡಿಆರ್-05ಎಕ್ಸ್‌ನ ಮೈಕುಗಳು ಎಲ್ಲ ದಿಕ್ಕಿನಿಂದಲೂ ಸಮವಾಗಿ ಹಿಡಿಯುತ್ತವೆ, ತಬಲಾ ಜೋಡಿಯಲ್ಲಿ ದಪ್ಪ ದನಿಯದಾದ ಡಗ್ಗಾದ ಗುಮ್ಮು ಚೆನ್ನಾಗಿ ಬರುತ್ತದೆ, ಆದರೆ ಹಿಂದೆ ಕೂತವರ ಮಾತು, ಕೆಮ್ಮು, ಮಕ್ಕಳ ಅಳು ಕೂಡ ಅಷ್ಟೇ ಚೆನ್ನಾಗಿ ಬರುತ್ತದೆ. ಮೂರನೆಯದು ಹಳೇ ಜೂಮ್ ಎಚ್4ಎನ್. ದೊಡ್ಡದು, ಆನ್ ಆಗಲು ಹೊತ್ತು ತಗೊಳ್ಳುತ್ತದೆ. ಆದರೆ ಕೆಳಗೆ ಎರಡು ಎಕ್ಸ್‌ಎಲ್‌ಆರ್ ತೂತು, ಅಂದರೆ ಮೂರು ಪಿನ್ನಿನ ಮೈಕ್ ಕೇಬಲ್ ಚುಚ್ಚುವ ಜಾಗ ಇವೆ, ಹೊರಗಿನ ಮೈಕುಗಳಿಗೆ ಆ ಕೇಬಲ್ಲಿನಲ್ಲೇ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್ ಪವರ್ ಕೊಡುತ್ತದೆ. ಬೆಳೆಯುವ ಹುಡುಗನಿಗೆ ಒಂದು ಅಳತೆ ದೊಡ್ಡ ಅಂಗಿ ಹೊಲಿಸಿದ ಹಾಗೆ ಅಂದುಕೊಂಡು ಅದನ್ನೇ ಹಿಡಿದೆ.

ಮದುವೆ ವಿಡಿಯೋ ಮಾಡುವ ಪರಿಚಯದ ಹುಡುಗನೊಬ್ಬ ಕ್ಯಾಮರಾ ಬದಲಿಸಿ ಇದನ್ನು ಮೂಲೆಗೆ ಹಾಕಿದ್ದ. ಹನ್ನೊಂದು ಸಾವಿರದಿಂದ ಶುರುವಾಗಿ ಸೂಪರ್ ಮಾರ್ಕೆಟ್ ಹತ್ತಿರ ಎರಡು ಚಹಾ ಆದ ಮೇಲೆ 9,500ಕ್ಕೆ ಮುಗಿಯಿತು. ಹಳೇ ರೆಕಾರ್ಡರ್ ಕೊಳ್ಳುವವರು ಅಂಗಡಿಯ ಗದ್ದಲದಲ್ಲಿ ಪರೀಕ್ಷೆ ಮಾಡಬೇಡಿ. ನಾನು ಅವನ ಮನೆಗೇ ಹೋದೆ, ಬಾಗಿಲು ಹಾಕಿಸಿದೆ, ಹೆಡ್‌ಫೋನ್ ಹಚ್ಚಿ ಲೆವೆಲ್ ಪೂರ್ತಿ ಏರಿಸಿ ಎಡ ಕಿವಿ ಬಲ ಕಿವಿ ಒಂದೇ ಸಮ ಇದೆಯಾ ನೋಡಿದೆ. ಒಂದು ಕೇಬಲ್ ಚುಚ್ಚಿ ಅಲ್ಲಾಡಿಸಿ ಕರಕರ ಬರುತ್ತದಾ ನೋಡಿದೆ. ಪ್ರತಿ ಗುಂಡಿ ಒತ್ತಿದೆ. ಹುಡುಗನಿಗೆ ಸ್ವಲ್ಪ ಬೇಸರವಾಯಿತು, ಇರಲಿ.

ಉಳಿದ ದುಡ್ಡು ಹೀಗೆ ಹೋಯಿತು: ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ 1,800, ಸ್ಟ್ಯಾಂಡ್ 700, ಗಾಳಿ ತಡೆಯಲು ಮೈಕಿಗೆ ಹಾಕುವ ಸ್ಪಂಜು ಮತ್ತು ಕೂದಲಿನ ಟೋಪಿ 600, 32 ಜಿಬಿ ಕಾರ್ಡ್ 450, ಚಾರ್ಜ್ ಆಗುವ ಎಎ ಸೆಲ್ಲು ಮತ್ತು ಚಾರ್ಜರ್ 950. ಒಟ್ಟು 14,000. ಸ್ಟ್ಯಾಂಡಿಗೆ ದುಡ್ಡು ಹಾಕಲು ಎಲ್ಲರಿಗೂ ಜೀವ ಹೋಗುತ್ತದೆ, ನನಗೂ ಹೋಯಿತು. ಆದರೆ ಈ ಪಟ್ಟಿಯಲ್ಲಿ ನನ್ನ ರೆಕಾರ್ಡಿಂಗ್ ಸುಧಾರಿಸಿದ್ದು ಮೊದಲು ಸ್ಟ್ಯಾಂಡಿನಿಂದ, ಆಮೇಲೆ ಹೆಡ್‌ಫೋನಿನಿಂದ. ರೆಕಾರ್ಡರಿಗೆ ಮೂರನೇ ಜಾಗ.

ಇನ್ನೊಂದು, ಚಾರ್ಜ್ ಆಗುವ ಸೆಲ್ ಹಾಕಿದರೆ ಮೆನುವಿನಲ್ಲಿ ಸೆಲ್ಲಿನ ಬಗೆ ಬದಲಿಸಿ. ಇಲ್ಲದಿದ್ದರೆ ಸೆಲ್ ತುಂಬಿದ್ದರೂ ಖಾಲಿ ಅಂತ ತೋರಿಸಿ ಎದೆ ಒಡೆಸುತ್ತದೆ.

ಮೊದಲ ದಿನವೇ ಮುಖಭಂಗ. ಶ್ರಾವಣದಲ್ಲಿ ನಮ್ಮ ಕಡೆ ಗುಡಿ ಗುಡಿಯಲ್ಲಿ ಪುರಾಣ ಹಚ್ಚುತ್ತಾರಲ್ವಾ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ಊರೂರಿಗೆ ಬರುತ್ತಾರೆ, ಪುರಾಣದ ನಡುವೆ ವಚನ ಹಾಡುತ್ತಾರೆ. ನಮ್ಮ ಓಣಿಯ ಗುಡಿಗೂ ಒಬ್ಬರು ಬಂದಿದ್ದರು. ಎಲ್ಲ ಹಚ್ಚಿ, ಕೆಂಪು ಗುಂಡಿ ಒತ್ತಿ, ಕೆಂಪು ದೀಪ ಮಿನುಗುವುದನ್ನು ನೋಡಿ ಖುಷಿಯಿಂದ ಒಂದೂವರೆ ತಾಸು ಕೂತೆ. ಮನೆಗೆ ಬಂದರೆ ಕಾರ್ಡಿನಲ್ಲಿ ಏನೂ ಇಲ್ಲ. ಈ ಮಷೀನಿನಲ್ಲಿ ಒಮ್ಮೆ ಒತ್ತಿದರೆ ಬರೀ ತಯಾರಿ, ದೀಪ ಮಿನುಗುತ್ತದೆ. ಇನ್ನೊಮ್ಮೆ ಒತ್ತಿದರೆ ದೀಪ ನಿಲ್ಲುತ್ತದೆ, ಗಂಟೆ ನಿಮಿಷ ಓಡಲು ಶುರುವಾಗುತ್ತದೆ. ಈಗ ದೀಪವನ್ನು ನಂಬುವುದಿಲ್ಲ, ಓಡುವ ಅಂಕಿಯನ್ನು ನೋಡುತ್ತೇನೆ.

ಮರುದಿನ ಸರಿಯಾಗಿ ಒತ್ತಿದೆ. ಆದರೂ ಹಾಡು ಹಿಡಿಸಲಿಲ್ಲ. ಆ ಗುಡಿಯ ನೆಲ ಶಹಾಬಾದ್ ಪರಸಿ, ಮೇಲೆ ತಗಡಿನ ಶೀಟು, ಮೂರು ಕಡೆ ಗೋಡೆ. ಚಪ್ಪಾಳೆ ತಟ್ಟಿದರೆ ಗೋಡೆ ತಿರುಗಿ ತಟ್ಟುತ್ತದೆ. ನಾನು ದೊಡ್ಡ ರೆಕಾರ್ಡಿಸ್ಟನ ಹಾಗೆ ಹಿಂದಿನ ಕಂಬದ ಹತ್ತಿರ, ಸುಮಾರು ಇಪ್ಪತ್ತು ಅಡಿ ದೂರದಲ್ಲಿ ಸ್ಟ್ಯಾಂಡ್ ಇಟ್ಟಿದ್ದೆ. ಅಲ್ಲಿ ಕೂತು ಕೇಳಿದರೆ ಕಿವಿಗೆ ಚೆನ್ನಾಗಿತ್ತು. ಯಾಕೆಂದರೆ ನಮ್ಮ ತಲೆ ಬೇಕಾದದ್ದನ್ನು ಆರಿಸಿಕೊಂಡು ಗೋಡೆಯ ಗದ್ದಲವನ್ನು ಬದಿಗೆ ಹಾಕುತ್ತದೆ. ಮೈಕಿಗೆ ಆ ಬುದ್ಧಿ ಇಲ್ಲ. ದೂರ ಎರಡು ಪಟ್ಟಾದರೆ ಗಾಯಕರಿಂದ ನೇರ ಬರುವ ದನಿ 6 ಡೆಸಿಬೆಲ್ ಬೀಳುತ್ತದೆ, ಗೋಡೆ ಸುತ್ತಿ ಬರುವ ಗುಂಯ್ ಮಾತ್ರ ಗುಡಿ ತುಂಬ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೂರನೇ ದಿನ ಧೈರ್ಯ ಮಾಡಿ ಗವಾಯಿಗಳನ್ನು ಕೇಳಿ ಆರು ಅಡಿಗೆ ತಂದೆ. ಸ್ಟ್ಯಾಂಡನ್ನು ನನ್ನ ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ ಏರಿಸಿ ಮೂತಿ ಕೆಳಗೆ ಬಾಗಿಸಿದೆ. ಹೆಡ್‌ಫೋನ್ ಹಾಕಿಕೊಂಡು ನೋಡಿದರೆ, ಅಬ್ಬಾ, ಮಂಜು ಸರಿದ ಹಾಗೆ. ಅದೇ ರೆಕಾರ್ಡರು, ಅದೇ ಗವಾಯಿಗಳು. ಉಸಿರು ತಗೊಳ್ಳುವುದು ಕೇಳಿಸುತ್ತಿತ್ತು, ಹಾರ್ಮೋನಿಯಂ ಮನೆಗಳ ಟಕ್ ಟಕ್ ಕೂಡ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಶ್ರುತಿ ಮಾಡಿಕೊಳ್ಳುವ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡರ್ ಕೈಯಲ್ಲಿ ಹಿಡಿದು ಓಡಾಡುತ್ತೇನೆ. ಒಂದು ಗೇಣು ಮುಂದೆ, ಒಂದು ಗೇಣು ಎಡಕ್ಕೆ. ಚೆನ್ನಾಗಿ ಕೇಳಿಸಿದ ಕಡೆ ಸ್ಟ್ಯಾಂಡ್ ಊರುತ್ತೇನೆ. ಒಬ್ಬ ಮುತ್ಯಾ ನೋಡಿ ನೋಡಿ, "ತಮ್ಮಾ, ನೀರಿನ ಸೆಲಿ ಹುಡುಕ್ಲಕತ್ತೀಯೇನ್?" ಅಂದರು. ಹೆಚ್ಚುಕಡಿಮೆ ಅದೇ ಕೆಲಸ.

ಭಜನೆ ಬೇರೆ ಲೆಕ್ಕ. ಅಲ್ಲಿ ವೇದಿಕೆ ಇಲ್ಲ, ಎಲ್ಲರೂ ದುಂಡಗೆ ಕೂರುತ್ತಾರೆ. ತಾಳ ಬಾರಿಸುವವರು ಇಬ್ಬರಿದ್ದರೂ ಹತ್ತು ಜನರ ದನಿ ತಿನ್ನುತ್ತಾರೆ. ಎಚ್4ಎನ್ ಮೈಕುಗಳು ಮುಂದೆ ಚೆನ್ನಾಗಿ ಕೇಳುತ್ತವೆ, ಹಿಂದೆ ಸ್ವಲ್ಪ ಕಿವುಡು. ಆ ಕಿವುಡನ್ನೇ ಬಳಸಿಕೊಂಡೆ. ತಾಳದವರ ಬೆನ್ನ ಹಿಂದೆ ಸ್ಟ್ಯಾಂಡ್ ಇಟ್ಟು, ಅವರ ತಲೆಯ ಮೇಲಿಂದ ದಾಟಿಸಿ, ಎದುರು ಕೂತ ಮಾವನ ಕಡೆ ಮೂತಿ ತಿರುಗಿಸಿದೆ. ತಾಳ ಈಗ ಮೈಕಿನ ಕೆಳಗೆ ಹಿಂದಕ್ಕೆ ಬಿತ್ತು. ಝಣ್ ಝಣ್ ಅರ್ಧಕ್ಕೆ ಇಳಿಯಿತು. ಏಕತಾರಿ ಮೊದಲ ಸಲ ಕೇಳಿಸಿದ್ದು ಆವತ್ತೇ. ಆ ಮೈಕುಗಳನ್ನು ತಿರುಗಿಸಿ 90 ಡಿಗ್ರಿಯಿಂದ 120ಕ್ಕೆ ಅಗಲ ಮಾಡಬಹುದು. ದುಂಡಗೆ ಕೂತವರಿಗೆ 120, ಕಛೇರಿಗೆ 90, ಇಷ್ಟು ಸಾಕು.

ಲೆವೆಲ್ ಬಗ್ಗೆ ಹೇಳುವುದು ಕಡಿಮೆ. ಆಟೋ ಆಫ್ ಮಾಡಿ. ಅತಿ ಜೋರಾಗಿ ಹಾಡಿದಾಗ ಮೀಟರು ಮೈನಸ್ 12 ಡೆಸಿಬೆಲ್ ಆಸುಪಾಸು ಬರುವಂತೆ ಇಟ್ಟು ಮತ್ತೆ ಮುಟ್ಟಬೇಡಿ. ಭಜನೆ ಮೆಲ್ಲಗೆ ಶುರುವಾಗಿ ಆಮೇಲೆ ಕುದಿಯುತ್ತದೆ, ಮೊದಲ ಪದಕ್ಕೆ ಲೆವೆಲ್ ಇಟ್ಟರೆ ಮೂರನೇ ಪದದಲ್ಲಿ ಒಡೆಯುತ್ತದೆ. ರೆಕಾರ್ಡಿಂಗಿನ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಜ್ ಇಟ್ಟರೆ ತಾಸಿಗೆ ಸುಮಾರು 1 ಜಿಬಿ. 32 ಜಿಬಿ ಕಾರ್ಡಿನಲ್ಲಿ ರಾತ್ರಿ ಪೂರ್ತಿ ಹಾಡಿದರೂ ಜಾಗ ಉಳಿಯುತ್ತದೆ. 2 ಜಿಬಿ ಆದಾಗ ಮಷೀನು ತಾನೇ ಹೊಸ ಫೈಲ್ ತೆಗೆಯುತ್ತದೆ, ಎರಡು ತಾಸಿಗೊಂದು ತುಂಡು, ಗಾಬರಿಯಾಗಬೇಡಿ.

ಮೈಕ್‌ಸೆಟ್ಟಿನವರ ಮಿಕ್ಸರಿನಿಂದಲೇ ತಗೊಂಡರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ನಾನೂ ತಗೊಂಡೆ. ಮೊದಲ ಸಲ ಪೂರ್ತಿ ಒಡೆದು ಬಂತು. ಯಾಕೆಂದರೆ ಮಿಕ್ಸರಿನಿಂದ ಬರುವುದು ಲೈನ್ ಲೆವೆಲ್, ಜೋರು. ಎಕ್ಸ್‌ಎಲ್‌ಆರ್ ತೂತು ಇರುವುದು ಮೈಕಿನ ಸಣ್ಣ ಸಿಗ್ನಲ್ಲಿಗೆ. ತೋಟಕ್ಕೆ ಬಿಡುವ ಪೈಪನ್ನು ತಂಬಿಗೆಗೆ ಹಿಡಿದ ಹಾಗೆ. ನಡುವೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಹಾಕಬೇಕು, ಇಲ್ಲವೇ ಮಿಕ್ಸರಿನಲ್ಲಿ ಆ ಔಟನ್ನು ಬಹಳ ಇಳಿಸಲು ಹೇಳಬೇಕು. ಫ್ಯಾಂಟಮ್ ಆಫ್ ಇರಬೇಕು, ಇದನ್ನು ಎರಡು ಸಲ ನೋಡಿ. ಸರಿಯಾಗಿ ಬಂದಾಗಲೂ ಒಂದು ವಿಚಿತ್ರ: ಗಾಯಕರು ಕಿವಿಯಲ್ಲೇ ಕೂತು ಹಾಡಿದ ಹಾಗೆ, ತಬಲಾ ಪಕ್ಕದ ಓಣಿಯಲ್ಲಿ. ತಬಲಾ ತಾನೇ ಜೋರಾಗಿ ಕೇಳಿಸುತ್ತದೆ ಅಂತ ಮೈಕ್‌ಸೆಟ್ಟಿನ ಹುಡುಗ ಅದನ್ನು ಕಡಿಮೆ ಇಟ್ಟಿರುತ್ತಾನೆ. ಅವನ ಕೆಲಸ ಎದುರು ಕೂತವರಿಗೆ ಕೇಳಿಸುವುದು, ನನ್ನ ಕಾರ್ಡಿಗೆ ಕೇಳಿಸುವುದು ಅಲ್ಲ. ಎಚ್4ಎನ್‌ನಲ್ಲಿ ನಾಲ್ಕು ಚಾನೆಲ್ ಒಟ್ಟಿಗೆ ಹಿಡಿಯಬಹುದು, ಹಾಗಾಗಿ ದೊಡ್ಡ ಕಾರ್ಯಕ್ರಮದಲ್ಲಿ ಮಿಕ್ಸರಿನದು ಎರಡು, ರೆಕಾರ್ಡರಿನ ಸ್ವಂತ ಮೈಕು ಎರಡು ಇಡುತ್ತೇನೆ. ಮಿಕ್ಸರಿನ ಟೇಬಲ್ಲೂ ಅದರ ಪಕ್ಕ ನನ್ನ ರೆಕಾರ್ಡರೂ ವೇದಿಕೆಯಿಂದ 10 ಮೀಟರ್ ಹಿಂದಿದ್ದರೆ ಗಾಳಿಯಲ್ಲಿ ಬರುವ ದನಿ 29 ಮಿಲಿಸೆಕೆಂಡ್ ತಡ. ಹಾಗೇ ಬೆರೆಸಿದರೆ ಡಬ್ಬಿಯಲ್ಲಿ ಹಾಡಿದ ಹಾಗಾಗುತ್ತದೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಆಡಿಯೋ ಎಡಿಟರ್ ತೆಗೆದು ಮಿಕ್ಸರಿನ ಟ್ರ್ಯಾಕು ಅಷ್ಟೇ ತಡವಾಗಿ ಶುರುವಾಗುವ ಹಾಗೆ ಬಲಕ್ಕೆ ಸರಿಸಬೇಕು. ತಬಲಾದ ಒಂದು ಗಟ್ಟಿ ಪೆಟ್ಟು ನೋಡಿ ಎರಡನ್ನೂ ಸೇರಿಸಿದರೆ ಆಯಿತು.

ಫ್ಯಾನು? ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಬಂದ್ ಮಾಡಿ ಅಂತ ಹೇಳಿದರೆ ನನ್ನನ್ನೇ ಹೊರಗೆ ಹಾಕುತ್ತಾರೆ. ಗಾಳಿ ನೇರ ಮೈಕಿಗೆ ಬಡಿಯದ ಹಾಗೆ ಇಟ್ಟು ಕೂದಲಿನ ಟೋಪಿ ಹಾಕುತ್ತೇನೆ. ಮೈಕು ಗಾಯಕರಿಗೆ ಹತ್ತಿರ ಇದ್ದರೆ ಉಳಿದ ಗರಗರ ತಾನಾಗೇ ಸಣ್ಣದಾಗುತ್ತದೆ. ಕರೆಂಟು ಹೋದರೆ ನನ್ನದು ಸೆಲ್ ಮೇಲೆ ನಡೆಯುತ್ತದೆ. ಹಾಗೆ ಕರೆಂಟ್ ಹೋದ ಒಂದು ರಾತ್ರಿ, ಫ್ಯಾನೂ ಇಲ್ಲ ಮೈಕ್‌ಸೆಟ್ಟೂ ಇಲ್ಲ, ಇಪ್ಪತ್ತು ನಿಮಿಷ ಬರೀ ಹಾಡು. ನನ್ನ ಹತ್ತಿರ ಇರುವುದರಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯ ರೆಕಾರ್ಡಿಂಗು.

ಒಂದು ವರ್ಷ ಇಷ್ಟರಲ್ಲೇ ತಿರುಗಿದೆ. ಆಮೇಲೆ ಬೆಹ್ರಿಂಗರ್ ಸಿ-2 ಕೊಂಡೆ, ಬೆರಳಿನಷ್ಟು ಸಣ್ಣ ಕಂಡೆನ್ಸರ್ ಮೈಕುಗಳ ಜೋಡಿ, ಎರಡನ್ನೂ ಕೂಡಿಸುವ ಪಟ್ಟಿ ಜೊತೆಗೇ ಬರುತ್ತದೆ. 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಇದು ಫ್ರಾನ್ಸಿನ ರೇಡಿಯೋದವರು ಬಳಕೆಗೆ ತಂದ ಅಳತೆ, ಓಆರ್‌ಟಿಎಫ್ ಅನ್ನುತ್ತಾರೆ, ಹೆಚ್ಚುಕಡಿಮೆ ನಮ್ಮ ಎರಡು ಕಿವಿಗಳ ಅಂತರ. ಹೆಡ್‌ಫೋನಿನಲ್ಲಿ ಎಡಕ್ಕೆ ತಬಲಾ, ಬಲಕ್ಕೆ ಹಾರ್ಮೋನಿಯಂ, ನಡುವೆ ಗಾಯಕರು, ಜಾಗ ಬಿಟ್ಟು ಕೂತ ಹಾಗೆ ಕೇಳಿಸುತ್ತದೆ. ಮೇಲಿನ ಸ್ವರ ನನ್ನ ಕಿವಿಗೆ ಕೊಂಚ ಚೂಪು ಅನಿಸುತ್ತದೆ, ತಾಳ ಇದ್ದ ಕಡೆ ಈಗಲೂ ರೆಕಾರ್ಡರಿನ ಸ್ವಂತ ಮೈಕನ್ನೇ ಇಡುತ್ತೇನೆ. ಫ್ಯಾಂಟಮ್ ಹಾಕಿದರೆ ಸೆಲ್ಲು ಬೇಗ ಮುಗಿಯುತ್ತದೆ, ಎರಡು ಜೋಡಿ ಜೇಬಿನಲ್ಲಿರಲಿ. ಮೊದಲೇ ಈ ಜೋಡಿ ಕೊಂಡಿದ್ದರೆ ಇಪ್ಪತ್ತು ಅಡಿ ದೂರ ಇಟ್ಟು ಇದನ್ನೂ ಬೈಯುತ್ತಿದ್ದೆ ಅನಿಸುತ್ತದೆ.

ಕೇಳದೆ ಯಾರದನ್ನೂ ರೆಕಾರ್ಡ್ ಮಾಡುವುದಿಲ್ಲ. ಒಬ್ಬ ಗವಾಯಿಗಳು "ಹಿಡ್ಕೋರಿ, ಆದ್ರ ಮೊಬೈಲ್‌ದಾಗ ಬಿಡಬ್ಯಾಡ್ರಿ, ನಿನ್ನೆಯಿಂದ ಗಂಟಲಾ ಸರಿ ಇಲ್ಲ" ಅಂದರು. ಅದು ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲೇ ಇದೆ.

ಹೋದ ತಿಂಗಳು ಭಜನೆ ಮುಗಿದ ಮೇಲೆ ಮಿರ್ಚಿ ಭಜಿ, ಚಹಾ ನಡೆದಿತ್ತು. ತಬಲಾದ ಕಾಕಾ ಹೆಡ್‌ಫೋನ್ ಕೊಡು ಅಂದರು. ಟೋಪಿ ತೆಗೆದು, ಹಾಕಿಕೊಂಡು, ಕಣ್ಣು ಮುಚ್ಚಿ ಎರಡು ಪದ ಪೂರ್ತಿ ಕೇಳಿದರು. ನಾನು ಹೊಗಳಿಕೆಗೆ ಕಾದು ಕೂತಿದ್ದೆ. ತೆಗೆದು ಕೈಗೆ ಕೊಟ್ಟು, "ಎಲ್ಲಾ ಖರೇ ತಮ್ಮಾ, ನನ್ನ ಡಗ್ಗಾ ಎಲ್ಲಿ ಹೋಯ್ತು? ಬರೇ ತಬಲಾ ಕೇಳಸ್ಲಕತ್ತದ" ಅಂದರು. ಮೆನು ತೆಗೆದು ನೋಡಿದೆ. ಹಿಂದಿನ ವಾರ ಕೂಲರಿನ ಸದ್ದಿಗೆ ಅಂತ ಹಾಕಿದ್ದ ಲೋ ಕಟ್, ಅಂದರೆ ಕೆಳಗಿನ ದಪ್ಪ ಸದ್ದು ತೆಗೆದುಹಾಕುವ ಸೋಸು, ಹಾಗೇ ಇತ್ತು, ಅದೂ 200 ಹರ್ಟ್ಜ್ ದಾಟಿಸಿ. ರಾತ್ರಿಯಿಡೀ ಕಾಕಾ ಬಾರಿಸಿದ ಡಗ್ಗಾವನ್ನು ನಾನೇ ಸೋಸಿ ಚೆಲ್ಲಿದ್ದೆ. ಅವರೆದುರೇ ಆಫ್ ಮಾಡಿದೆ. "ಹಾಂ, ಈಗ ಇನ್ನೊಂದು ಪದ ಹಿಡಿಯೂಣೇನ್?" ಅಂತ ಅವರು ಸುತ್ತಿಗೆ ತೆಗೆದುಕೊಂಡು ಮತ್ತೆ ತಬಲಾ ಶ್ರುತಿ ಮಾಡಲು ಕೂತರು.