ಚೀನೀ ವಾಕ್ಯ ಕಟ್ಟುವಾಗ ಇಂಗ್ಲಿಷನ್ನು ಬದಿಗಿಡಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಚೀನಾಕ್ಕೆ ಓದಲೆಂದೋ ಕೆಲಸಕ್ಕೆಂದೋ ಬರುವ ನಮ್ಮ ಮಕ್ಕಳು ಮೊದಲು ಇಂಗ್ಲಿಷಿನಲ್ಲಿ ಯೋಚಿಸಿ, ಆಮೇಲೆ ಚೀನೀ ವಾಕ್ಯ ಕಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಗ್ಲಿಷ್ ನೆರವಾಗುವುದು ಮುಖ್ಯವಾಗಿ ಒಂದು ಕಡೆ: ಕರ್ಮಪದ ಕ್ರಿಯಾಪದದ ನಂತರ ಬರುತ್ತದೆ. ‘ಚಾ ಕುಡಿ’ ಎಂಬುದು ‘ಹ ಛಾ’. ‘ಹ’ ಅಂದರೆ ಕುಡಿ.

ಕಾಲ, ಸ್ಥಳಗಳು ಸಾಮಾನ್ಯವಾಗಿ ಕನ್ನಡದಂತೆಯೇ ಕ್ರಿಯಾಪದಕ್ಕಿಂತ ಮೊದಲು. ‘ನಾನು ಮನೆಯಲ್ಲಿ ಚಾ ಕುಡಿಯುತ್ತೇನೆ’: ‘ವೊ ತ್ಸಾಯ್ ಜ್ಯಾ ಹ ಛಾ’. ನಮ್ಮ ‘ಅಲ್ಲಿ’ ‘ಮನೆ’ ಪದದ ಕೊನೆಗೆ ಅಂಟುತ್ತದೆ, ಅವರ ‘ತ್ಸಾಯ್’ ಆ ಪದಕ್ಕಿಂತ ಮೊದಲೇ ಬರುತ್ತದೆ. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂಬುದಂತೂ ‘ವೊ ತ್ಸ್ವೊಥ್ಯೆನ್ ಮಾಯ್ ದ ಶು’. ಒಂದು ಪದವನ್ನೂ ಅತ್ತಿತ್ತ ಮಾಡಬೇಕಿಲ್ಲ. ಇಂಗ್ಲಿಷಿನ ದಾರಿ ಹಿಡಿದವರು ಇಲ್ಲಿ ‘ಪುಸ್ತಕ’ದಿಂದ ಶುರುಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಪ್ರಶ್ನೆಯಲ್ಲೂ ‘ಎಲ್ಲಿ’, ‘ಏನು’ ಇದ್ದಲ್ಲೇ ಇರಲಿ, ವಾಕ್ಯದ ತಲೆಗೆ ಎಳೆಯಬೇಡಿ. ಹೌದು-ಅಲ್ಲ ಪ್ರಶ್ನೆಗೆ ಕೊನೆಯಲ್ಲಿ ‘ಮಾ’ ಸೇರಿಸಿ. ‘ಬರ್ತೀಯಾ’ದ ದೀರ್ಘ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಕಾಸರಗೋಡಿನವರು ವಿಶೇಷವಾಗಿ ಎಡವುವುದು ‘ಆಗಿರು’ ಎಂಬರ್ಥದ ‘ಶ್ರ್’ ಪದದಲ್ಲಿ. ‘ಅವನು ವಿದ್ಯಾರ್ಥಿ’ ಎಂದರೆ ಕನ್ನಡಕ್ಕೆ ಸಾಕು, ಚೀನಿಗೆ ಸಾಲದು: ‘ಥಾ ಶ್ರ್ ಶ್ಯುಎಶಂಗ್’. ಮಲಯಾಳಂ ಬಲ್ಲವರು ಅದೇ ಅರ್ಥದ ‘ಆಣ್’ ನೆನೆದು ಇದನ್ನು ಬೇಗ ಹಿಡಿಯುತ್ತಾರೆ. ಆದರೆ ಅದೇ ರೂಢಿಯಲ್ಲಿ ‘ಅವನು ಎತ್ತರ’ ಎನ್ನಲೂ ‘ಶ್ರ್’ ತುರುಕುತ್ತಾರೆ. ಅಲ್ಲಿ ಬೇಕಾದದ್ದು ‘ಹೆನ್’ (ಮೂಲತಃ ‘ಬಹಳ’): ‘ಥಾ ಹೆನ್ ಗಾವ್’. ನಾಮಪದಕ್ಕೆ ಮಲಯಾಳಂ ನೆನೆಯಿರಿ, ಗುಣ ಹೇಳುವಾಗ ಕನ್ನಡಕ್ಕೆ ಮರಳಿ.

ಇನ್ನು ಚೀನಿಯ ‘ಬಾ’ ಎಂಬ ಪದ. ಇದು ಕ್ರಿಯಾಪದದ ನಂತರ ಬರುವ ಕರ್ಮಪದವನ್ನು ಎತ್ತಿ ಕ್ರಿಯಾಪದಕ್ಕಿಂತ ಮೊದಲು ತರುತ್ತದೆ. ಥೇಟ್ ನಮ್ಮ ‘ಅನ್ನು’ ಎಂದು ಖುಷಿಪಟ್ಟು ಎಲ್ಲ ಕಡೆ ಬಳಸಿದರೆ ಕೆಟ್ಟಿತು. ‘ವೊ ಬಾ ಛಾ ಹ’ ತಪ್ಪು. ‘ಬಾ’ ಬಂದ ಮೇಲೆ ಕ್ರಿಯಾಪದ ಬೋಳಾಗಿ ನಿಲ್ಲಬಾರದು. ‘ವೊ ಬಾ ಛಾ ಹ ವಾನ್ ಲ’ ಸರಿ: ಚಾವನ್ನು ಕುಡಿದು ಮುಗಿಸಿದೆ. ವಸ್ತು ಯಾವುದೆಂದು ಕೇಳುವವರಿಗೆ ಗೊತ್ತಿರಬೇಕು, ಅದಕ್ಕೆ ಏನಾಯಿತೆಂದೂ ಹೇಳಬೇಕು. ಇಷ್ಟಪಡು, ತಿಳಿದಿರು, ಇರು ಮುಂತಾದ ಕ್ರಿಯೆಗಳ ಜೊತೆ ‘ಬಾ’ ಸಲ್ಲ.

ಎಣಿಸುವಾಗ ಸಂಖ್ಯೆಗೂ ವಸ್ತುವಿಗೂ ನಡುವೆ ಅಳತೆಪದ ಬಿಡಬೇಡಿ. ‘ನಾಲ್ಕು ಜನ ಹುಡುಗರು’ ಎನ್ನುವಾಗಿನ ‘ಜನ’ದ ಹಾಗೆ, ಪುಸ್ತಕಕ್ಕೂ ಒಂದಿದೆ: ‘ಸಾನ್ ಬೆನ್ ಶು’, ಮೂರು ಪುಸ್ತಕ. ವಿಳಾಸ ಬರೆಯುವಾಗ ಮೊದಲು ಪ್ರಾಂತ, ಆಮೇಲೆ ನಗರ, ಬೀದಿ, ಕಟ್ಟಡ, ಕೊನೆಗೆ ಕೋಣೆಯ ಸಂಖ್ಯೆ.