ಬಿಲ್ಡ್ ಮಾಡದೆಯೇ ಲಿಬ್ರೆಆಫೀಸ್‌ಗೆ ಕೆಲಸ ಮಾಡಿದ್ದು

ಕೋಡ್ ಬರೆಯದವನನ್ನು ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶಗಳ ಲೋಕದಲ್ಲಿ, ಯಾರೂ ಮಾತಾಡಿಸೋದಿಲ್ಲ ಅಂತ ಶಿವಮೊಗ್ಗದ ಗೆಳೆಯರು ಹೇಳಿದ್ದರು. ಈಗ ಅವರೇ ಹೊಸ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ.

ವರ್ಡ್, ಎಕ್ಸೆಲ್ ತರಹದ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ನಾನೂ ಎಲ್ಲರ ಹಾಗೆ, ಹೊಸಬರಿಗೆಂದು ಇಟ್ಟ ಸುಲಭ ಕೋಡ್ ಕೆಲಸಗಳ 'ಈಸಿಹ್ಯಾಕ್' ಪಟ್ಟಿಯಿಂದಲೇ ಶುರು ಮಾಡಿದೆ. ತೀರ್ಥಹಳ್ಳಿಯ ಮನೆಯಲ್ಲಿ, 8 ಜಿಬಿಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಹಾಕಿದರೆ, ಅಂದರೆ ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟಲು ಬಿಟ್ಟರೆ, ರಾತ್ರಿಯೆಲ್ಲ ಓಡಿ, ತುಂಡುಗಳನ್ನು ಒಟ್ಟು ಜೋಡಿಸುವ ಲಿಂಕಿಂಗ್ ಹೊತ್ತಿಗೆ ಮೆಮೊರಿ ಸಾಲದೆ ನಿಲ್ಲುತ್ತಿತ್ತು. ಮಳೆಗಾಲ ಬೇರೆ. ಗಾಳಿ ಬಂದರೆ ಕರೆಂಟ್ ಇಲ್ಲ. ಇನ್ವರ್ಟರ್‌ಗೆ 20 ಸಾವಿರದ ಹತ್ತಿರ ಸುರಿದೆ, ಮೆಮೊರಿಗೆ 3 ಸಾವಿರ. ಆದರೂ ಒಂದು ಪ್ಯಾಚ್ (ಕೋಡ್ ತಿದ್ದುಪಡಿ) ಹೊರಡಲಿಲ್ಲ.

ಆಮೇಲೆ ಬಗ್‌ಜಿಲ್ಲಾ ಹಿಡಿದೆ, ತಂತ್ರಾಂಶದ ದೋಷಗಳನ್ನು (ಬಗ್) ವರದಿ ಮಾಡುವ ತಾಣ ಅದು. ಬೇರೆಯವರು ಖಚಿತ ಮಾಡುವವರೆಗೂ ಅಲ್ಲಿ ಬಗ್ 'ಅನ್‌ಕನ್ಫರ್ಮ್ಡ್' (ಖಚಿತವಾಗದ್ದು) ಆಗೇ ಇರುತ್ತದೆ. ಅರ್ಕಾವೊತ್ತು ತಪ್ಪಾಗಿ ಕೂತರೆ ಬರ್ಲಿನ್‌ನಲ್ಲಿರುವ ಡೆವಲಪರ್‌ಗೆ ಗೊತ್ತಾಗೋದಿಲ್ಲ. ನಮಗೆ ತಟ್ಟನೆ ಕಾಣುತ್ತದೆ ಅಲ್ವಾ? ಒಂದೇ ಸಾಲಿನ ಓಡಿಟಿ (ಲಿಬ್ರೆಆಫೀಸ್ ದಾಖಲೆ) ಫೈಲ್, ಸ್ಕ್ರೀನ್‌ಶಾಟ್, ಫಾಂಟ್ ಹೆಸರು, ಆವೃತ್ತಿ. ಬಗ್‌ನ ಜೊತೆ ಇಷ್ಟು ಹಾಕಿ. ತೀರಾ ಹಳೆಯ ಬಗ್ ಆದರೆ ಮೊದಲು ಹೊಸ ಆವೃತ್ತಿಯಲ್ಲಿ ನೋಡಿ. 2017ರ 5.3 ಆವೃತ್ತಿಯಲ್ಲಿ ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲ ಕಡೆಗೂ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿ ಬಂದು ಅಕ್ಷರ ಜೋಡಣೆಯ ರೀತಿಯೇ ಬದಲಾಗಿದೆ.

ನನಗೆ ಹೆಸರು ತಂದಿದ್ದು ಬಿಬೈಸೆಕ್ಟ್. ಮೊದಲೇ ಬಿಲ್ಡ್ ಮಾಡಿಟ್ಟ ಆವೃತ್ತಿಗಳ ಗಿಟ್ ರೆಪೊ (ಬದಲಾವಣೆಗಳ ಚರಿತ್ರೆ ಇಡುವ ಸಂಗ್ರಹ) ಅದು. ಬಗ್ ಯಾವ ಬದಲಾವಣೆಯಿಂದ ಬಂತು ಅಂತ ಅದರಲ್ಲಿ ಹುಡುಕಬಹುದು. ಅರ್ಧರ್ಧ ಮಾಡುತ್ತಾ ಹೋದರೆ 1000 ಕಮಿಟ್ (ಕೋಡ್ ಬದಲಾವಣೆ) ಇದ್ದರೂ ಸುಮಾರು 10 ಸಲ ತೆರೆದು ನೋಡುವಷ್ಟರಲ್ಲಿ ಕೆಡಿಸಿದ ಕಮಿಟ್ ಸಿಗುತ್ತದೆ. ರೆಪೊ ಹಲವು ಜಿಬಿ. ನಮ್ಮೂರಿನ ನೆಟ್‌ವರ್ಕ್‌ನಲ್ಲಿ ಅದು ಇಳಿಯೋ ಮಾತಲ್ಲ. 4 ಸಾವಿರದ ಹಾರ್ಡ್‌ಡಿಸ್ಕ್ ಹಿಡಿದು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಫೈಬರ್ ಇರುವ ಗೆಳೆಯನ ಮನೆಯಲ್ಲಿ ಇಳಿಸಿಕೊಂಡೆ. ಬಗ್‌ಗೆ ಕಾರಣವಾದ ಕಮಿಟ್ ತೋರಿಸಿದ ಮೇಲೆ ಅದನ್ನು ಬರೆದವರೇ ಉತ್ತರ ಕೊಟ್ಟರು. ವರ್ಷಗಟ್ಟಲೆ ಕೋಡ್ ಬರೆದವರಿಗೂ ಅಷ್ಟು ಬೇಗ ಉತ್ತರ ಬಂದಿದ್ದು ನಾನು ನೋಡಿಲ್ಲ.

ಮಧ್ಯೆ, ಬಿಲ್ಡ್ ಅಲ್ಲೇ ಆದೀತು ಅಂತ, ಅಂತರ್ಜಾಲದಲ್ಲಿ ಬಾಡಿಗೆ ಕಂಪ್ಯೂಟರ್ ಕೊಡುವ ಗಿಟ್‌ಹಬ್ ಕೋಡ್‌ಸ್ಪೇಸಸ್ ಕೂಡ ನೋಡಿದೆ. ತಿಂಗಳಿಗೆ 120 ಕೋರ್ ಗಂಟೆ ಉಚಿತ, ಅಂದರೆ ಎರಡು ಕೋರ್‌ಗೆ 60 ಗಂಟೆ. ಸಣ್ಣ ಪೈಥಾನ್ ಪ್ರಾಜೆಕ್ಟ್‌ಗಳಿಗೆ ಧಾರಾಳ. ಲಿಬ್ರೆಆಫೀಸ್‌ಗೆ ಸುಮ್ನೆ ಕಾಲಹರಣ.

ಯಾವ ಬಗ್ ಆರಿಸಬೇಕು ಅನ್ನೋದಕ್ಕೆ ನನ್ನದೊಂದು ಹುಡುಕಾಟದ ದಾರಿ ಇದೆ. ಅದನ್ನು ಇಲ್ಲಿ ಹೇಳೋದಿಲ್ಲ, ನನ್ನ ಹತ್ತಿರ ಬರುವ ಹುಡುಗರಿಗೆ ಇಟ್ಟುಕೊಂಡಿದ್ದೇನೆ.

ಪ್ಯಾಚ್ ಆಮೇಲೆ ತಾನಾಗೇ ಬಂತು, ಒಂದೆರಡು ಸಾಲಿನದ್ದು. ನಿಮ್ಮ ಕೋಡನ್ನು ಲಿಬ್ರೆಆಫೀಸ್‌ನ ಲೈಸೆನ್ಸ್‌ನಡಿ ಬಳಸಬಹುದು ಅನ್ನೋ ಹೇಳಿಕೆಯ ಮೇಲ್ ಮೊದಲೇ ಕಳಿಸಿಡಿ. ಪ್ಯಾಚ್ ಪರಿಶೀಲಿಸುವ ತಾಣ ಗೆರಿಟ್‌ಗೆ ಹಾಕಿದ ಮೇಲೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಅವರ ಸರ್ವರ್‌ಗಳಲ್ಲಿ ತಾನಾಗೇ ಓಡುವ ಜೆನ್ಕಿನ್ಸೇ ಬಿಲ್ಡ್ ಮಾಡಿ ನೋಡುತ್ತದೆ. ನಮ್ಮನೆ ಕರೆಂಟ್ ಅದಕ್ಕೆ ಬೇಕಾಗಲಿಲ್ಲ.